ಒಂದೇ ಕೋಶದಲ್ಲಿ ಎರಡು ವೈರಸ್‌ಗಳು ಸೇರಿದರೆ

ನಾವು ಹಂದಿಜ್ವರ ಎಂದು ಕರೆದ ಎಚ್1ಎನ್1 ವೈರಸ್ 2009ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ಮತ್ತು ಅಮೆರಿಕದಲ್ಲಿ ಪತ್ತೆಯಾಯಿತು. ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿತು. ಅದರ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಕಂಡದ್ದು ಒಂದು ಬೆರಕೆ: ಎಂಟು ಆರ್‌ಎನ್‌ಎ ತುಂಡುಗಳಲ್ಲಿ ಆರು ಉತ್ತರ ಅಮೆರಿಕದ ಹಂದಿಗಳ ವೈರಸ್‌ನವು, ಉಳಿದೆರಡು ಯುರೋಪ್–ಏಷ್ಯಾದ ಹಂದಿಗಳ ವೈರಸ್‌ನವು.

ಈ ಬೆರಕೆ ಸಾಧ್ಯವಾಗುವುದು ಫ್ಲೂ ವೈರಸ್‌ನ ರಚನೆಯಿಂದಲೇ. ಅದರ ವಂಶವಾಹಿ ಒಂದೇ ಉದ್ದನೆಯ ಎಳೆಯಲ್ಲ, ಎಂಟು ಬಿಡಿ ತುಂಡುಗಳು. ವೈರಸ್ ತನ್ನ ಹೊರಮೈಯ ಹಿಮಾಗ್ಲುಟಿನಿನ್ ಪ್ರೋಟೀನಿನಿಂದ ಶ್ವಾಸನಾಳದ ಕೋಶಕ್ಕೆ ಅಂಟಿಕೊಳ್ಳುತ್ತದೆ. ಕೋಶ ಅದನ್ನು ಪೊರೆಯ ಚೀಲವೊಂದರಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗಿನ ಆಮ್ಲೀಯತೆ ಹೆಚ್ಚಿದಂತೆ ವೈರಸ್‌ನ ಕವಚ ಚೀಲದ ಪೊರೆಯೊಂದಿಗೆ ಬೆಸೆದು, ಎಂಟೂ ತುಂಡುಗಳು ಹೊರಬಂದು ಕೋಶಕೇಂದ್ರವನ್ನು ಸೇರುತ್ತವೆ. ಅಲ್ಲಿ ವೈರಸ್‌ನ ಪಾಲಿಮರೇಸ್ ಕಿಣ್ವ ಪ್ರತಿ ತುಂಡಿನ ನಕಲುಗಳನ್ನು ತೆಗೆಯುತ್ತದೆ. ಪ್ರೋಟೀನುಗಳನ್ನು ತಯಾರಿಸುವ ಕೆಲಸ ಕೋಶದ ರೈಬೋಸೋಮ್‌ಗಳದು. ಕೊನೆಗೆ ಎಂಟು ತುಂಡುಗಳ ಒಂದೊಂದು ಕಟ್ಟು ಕೋಶದ ಪೊರೆಯನ್ನೇ ಹೊದ್ದು ಹೊಸ ವೈರಸ್ ಆಗಿ ಹೊರಬೀಳುತ್ತದೆ.

ಎರಡು ಬಗೆಯ ಫ್ಲೂ ವೈರಸ್‌ಗಳು ಒಂದೇ ಕೋಶಕ್ಕೆ ನುಗ್ಗಿದಾಗ ಈ ಕಟ್ಟುವ ಹಂತದಲ್ಲಿ ತುಂಡುಗಳು ಕಲೆಯುತ್ತವೆ. ಲೆಕ್ಕದ ಪ್ರಕಾರ 256 ಜೋಡಣೆಗಳು ಸಾಧ್ಯ. ಬಹುಪಾಲು ಬೆರಕೆಗಳು ದುರ್ಬಲವಾಗಿ ಅಳಿದುಹೋಗುತ್ತವೆ. ಆದರೆ ಮನುಷ್ಯರಲ್ಲಿ ಸರಾಗವಾಗಿ ಹರಡಬಲ್ಲ, ನಮ್ಮ ರೋಗನಿರೋಧಕ ಶಕ್ತಿಗೆ ಪರಿಚಯವೇ ಇಲ್ಲದ ಒಂದು ಬೆರಕೆ ಹುಟ್ಟಿದರೆ ಸಾಕು, ಜಾಗತಿಕ ಸಾಂಕ್ರಾಮಿಕ ಶುರುವಾಗಬಹುದು. 1957ರ ಏಷ್ಯನ್ ಫ್ಲೂ ವೈರಸ್ ಹಕ್ಕಿಗಳ ವೈರಸ್‌ನಿಂದ ಮೂರು ತುಂಡುಗಳನ್ನು ಪಡೆದಿತ್ತು. 1968ರ ಹಾಂಗ್‌ಕಾಂಗ್ ಫ್ಲೂ ವೈರಸ್ ಎರಡನ್ನು. ಎರಡೂ ಲಕ್ಷಾಂತರ ಜನರನ್ನು ಬಲಿ ಪಡೆದವು.

ಹಂದಿಯ ಶ್ವಾಸನಾಳಕ್ಕೆ ಹಕ್ಕಿಯ ಫ್ಲೂ ವೈರಸ್ಸೂ ಅಂಟಬಲ್ಲದು, ಮನುಷ್ಯರದ್ದೂ ಅಂಟಬಲ್ಲದು. ಹಾಗಾಗಿಯೇ ಹಂದಿ ಸಾಕಣೆ ಕೇಂದ್ರಗಳ ಮೇಲೆ ವಿಜ್ಞಾನಿಗಳ ಕಣ್ಣು. ಎರಡು ವೈರಸ್‌ಗಳ ಇಂಥ ಭೇಟಿ ಮನುಷ್ಯರ ದೇಹದಲ್ಲೂ ನಡೆಯಬಹುದು. 2024ರಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಹರಡಿದಾಗ, ಅಲ್ಲಿನ ಆರೋಗ್ಯ ಇಲಾಖೆ ಡೇರಿ ಮತ್ತು ಕೋಳಿ ಸಾಕಣೆಯ ಕಾರ್ಮಿಕರಿಗೆ ಸಾಮಾನ್ಯ ಫ್ಲೂ ಲಸಿಕೆ ಕೊಡಲು ಮುಂದಾಯಿತು. ಆ ಲಸಿಕೆ ಹಕ್ಕಿಜ್ವರವನ್ನು ತಡೆಯುವುದಿಲ್ಲ. ಒಬ್ಬನೇ ಕಾರ್ಮಿಕನಿಗೆ ಎರಡೂ ಸೋಂಕು ಒಟ್ಟಿಗೆ ತಗಲುವ ಸಾಧ್ಯತೆಯನ್ನು ಅದು ತಗ್ಗಿಸುತ್ತದೆ. ಕೊಟ್ಟಿಗೆಯಲ್ಲಿ ದುಡಿಯುವವರ ಆರೋಗ್ಯ ಕಾಯುವುದು ಅವರಿಗಷ್ಟೇ ಅಲ್ಲ, ನಮ್ಮೆಲ್ಲರಿಗೂ ರಕ್ಷಣೆ.