ಪ್ರಶಿಕ್ಷಣಾರ್ಥಿಗಳ ಪಾಠದಲ್ಲಿ ತಂತ್ರಜ್ಞಾನ: ಗ್ರಾಮ ಪಂಚಾಯಿತಿಯ ಹೊಣೆ

ಮಾನ್ಯ ಸದಸ್ಯರೇ,

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಎರಡು ವರ್ಷಗಳ ಬಿ.ಇಡಿ. ವ್ಯಾಸಂಗದಲ್ಲಿ 20 ವಾರಗಳು ಕ್ಷೇತ್ರಾನುಭವಕ್ಕೆ ಮೀಸಲಾಗಿದ್ದು, ಅದರ ಬಹುಭಾಗ ಶಾಲೆಗಳಲ್ಲಿಯೇ ನಡೆಯುತ್ತದೆ. ತಮ್ಮ ವ್ಯಾಪ್ತಿಯ ಶಾಲೆಗಳಿಗೂ ಇಂತಹ ಪ್ರಶಿಕ್ಷಣಾರ್ಥಿಗಳು ಬರಬಹುದು. ಈ ವಾರಗಳಲ್ಲಿ ರೂಢಿಯಾದ ಬೋಧನಾ ಕ್ರಮವೇ ಮುಂದೆ ಅವರ ಸೇವಾವಧಿಯುದ್ದಕ್ಕೂ ಉಳಿಯುವ ಸಂಭವ ಹೆಚ್ಚು.

ಇವರಿಗೆ ತಂತ್ರಜ್ಞಾನ ತಿಳಿಯದೆಂದಲ್ಲ. ಮೊಬೈಲ್ ಬಳಕೆಯಲ್ಲಿ ಇವರು ನುರಿತವರೇ. ತರಗತಿಯಲ್ಲಿ ಹಿಂಜರಿಯಲು ಕಾರಣ ಬೇರೆ. ಉಪಕರಣ ಕೆಟ್ಟರೆ ಹೊಣೆ ಯಾರದೆಂಬ ಅಂಜಿಕೆಯಿಂದ ಅದು ಬೀರುವಿನಲ್ಲಿಯೇ ಉಳಿಯುತ್ತದೆ. ಪಾಠದ ನಡುವೆ ವಿದ್ಯುತ್ ಅಥವಾ ನೆಟ್‌ವರ್ಕ್ ಕಡಿತವಾದರೆ ಮಕ್ಕಳ ಮುಂದೆ ಮುಜುಗರ, ಮೌಲ್ಯಮಾಪನದಲ್ಲಿ ಅಂಕ ನಷ್ಟ ಎಂಬ ಭಯವೂ ಇದೆ. ಈ ಭಯ ನೀಗದೆ ಬರಿಯ ಉಪದೇಶದಿಂದ ಫಲವಿಲ್ಲ.

ಎಲ್ಲ ಪಾಠಕ್ಕೂ ಪರದೆ ಬೇಕಿಲ್ಲ. ಕೂಡುವ ಲೆಕ್ಕಕ್ಕೆ ಹುಣಸೆ ಬೀಜಗಳೇ ಸಾಕು. ಆದರೆ ಹೃದಯದಲ್ಲಿ ರಕ್ತ ಹರಿಯುವ ಬಗೆ, ಹುಣ್ಣಿಮೆ ಅಮಾವಾಸ್ಯೆಗಳ ಕಾರಣ ಇವು ಚಲನೆಯ ವಿಷಯಗಳು. ಕಪ್ಪುಹಲಗೆಯ ನಿಂತ ಚಿತ್ರಕ್ಕಿಂತ ಮೂರು ನಿಮಿಷದ ದೃಶ್ಯ ಹೆಚ್ಚು ತಿಳಿಸುತ್ತದೆ. ಇಂತಹ ಒಂದೇ ಪಾಠದಿಂದ ಆರಂಭಿಸುವಂತೆ ಹುರಿದುಂಬಿಸುವುದು ಸೂಕ್ತ. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠಗಳನ್ನು ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ತೆರೆದು, ಮೊದಲೇ ಇಳಿಸಿಕೊಂಡರೆ ತರಗತಿಯಲ್ಲಿ ನೆಟ್‌ವರ್ಕ್ ಬೇಕಾಗುವುದಿಲ್ಲ.

ಪಂಚಾಯಿತಿಯಿಂದ ಆಗಬಹುದಾದ ಕಾರ್ಯಗಳು:

1. ಶಾಲೆಯ ವೈರಿಂಗ್ ಮತ್ತು ಅರ್ಥಿಂಗ್ ಪರೀಕ್ಷಿಸಿ ಸರಿಪಡಿಸುವುದು. ಅರ್ಥಿಂಗ್ ಇಲ್ಲದ ಕೊಠಡಿಯಲ್ಲಿ ಉಪಕರಣಕ್ಕೂ ಮಕ್ಕಳಿಗೂ ಅಪಾಯ.

2. ಉಪಕರಣಗಳ ದುರಸ್ತಿ ವೆಚ್ಚ ಶಿಕ್ಷಕರ ಅಥವಾ ಪ್ರಶಿಕ್ಷಣಾರ್ಥಿಗಳ ತಲೆಗೆ ಬಾರದಂತೆ, ಅನುದಾನದ ನಿಯಮಗಳಿಗೆ ಒಳಪಟ್ಟು, ಕ್ರಿಯಾಯೋಜನೆಯಲ್ಲಿ ಅವಕಾಶ ಕಲ್ಪಿಸುವುದು.

3. ಪಾಠಗಳನ್ನು ಇಳಿಸಿಕೊಳ್ಳಲು, ಅಂತರ್ಜಾಲ ಸಂಪರ್ಕವಿರುವ ಕಡೆ, ಪಂಚಾಯಿತಿ ಕಚೇರಿ ಅಥವಾ ಅರಿವು ಕೇಂದ್ರದ ಸೌಲಭ್ಯ ಒದಗಿಸುವುದು.

4. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಪೋಷಕರ ಮುಂದೆ ಇಂತಹ ಒಂದು ಪಾಠ ನಡೆಸಲು ಆಹ್ವಾನಿಸುವುದು. ಮೊದಲ ಯತ್ನ ಎಡವಿದರೂ ಊರಿನ ಹಿರಿಯರ ಒಂದು ಮೆಚ್ಚುಗೆಯ ಮಾತು ಎರಡನೆಯ ಯತ್ನಕ್ಕೆ ಧೈರ್ಯ ನೀಡುತ್ತದೆ.

ಬಡ ಮನೆಯ ಮಗುವಿಗೆ ಇಂತಹ ಪಾಠ ದೊರೆಯುವ ಸ್ಥಳ ಸರ್ಕಾರಿ ಶಾಲೆಯೊಂದೇ. ಆದುದರಿಂದ ಮುಂದಿನ ಸಾಮಾನ್ಯ ಸಭೆಗೆ ಮುನ್ನ ತಮ್ಮ ವಾರ್ಡಿನ ಶಾಲೆಗೆ ಭೇಟಿ ನೀಡಿ, ಉಪಕರಣಗಳು ಚಾಲನೆಯಲ್ಲಿವೆಯೇ, ಬೀರುವಿನ ಬೀಗದ ಕೈ ಪಾಠ ಮಾಡುವವರಿಗೆ ಸಿಗುತ್ತಿದೆಯೇ ಎಂಬುದನ್ನು ವಿಚಾರಿಸಿ, ಸಭೆಯ ಗಮನಕ್ಕೆ ತರಬೇಕೆಂದು ಕೋರಿದೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ