ತಾಯಿಯ ಹಾಲೋ, ಡಬ್ಬಿಯ ಹಾಲೋ?

ಹೆರಿಗೆಯಾದ ಮೂರನೆಯ ದಿನ ಬಾಣಂತಿಯ ಕೋಣೆಯಲ್ಲಿ ಒಂದು ಸಣ್ಣ ನ್ಯಾಯಸ್ಥಾನ ಸೇರುತ್ತದೆ. ಅಜ್ಜಿ, ಅತ್ತೆ, ನೆರೆಮನೆಯಾಕೆ, ಕೂಸನ್ನು ನೋಡಲೆಂದು ಬಂದ ದೂರದ ಚಿಕ್ಕಮ್ಮ – ಇವರೇ ನ್ಯಾಯಾಧೀಶರು. ಕೂಸು ರಾತ್ರಿಯೆಲ್ಲ ಅತ್ತಿದೆ. ಮೊಲೆಗೆ ಹಚ್ಚಿದರೆ ನಾಲ್ಕು ಗುಟುಕು ಚೀಪಿ ಮತ್ತೆ ಅಳುತ್ತದೆ. “ಹಾಲು ಸಾಲದು ಕಣಮ್ಮಾ, ಮಗು ಹಸಿದು ಒಣಗುತ್ತಿದೆ” ಎಂದು ಒಬ್ಬರೆನ್ನುತ್ತಾರೆ. “ಅವಳ ತಾಯಿಗೂ ಹೀಗೆಯೇ ಆಗಿತ್ತು” ಎಂದು ಇನ್ನೊಬ್ಬರು ಸಾಕ್ಷಿ ನುಡಿಯುತ್ತಾರೆ. ಆಪಾದಿತೆ ಹಾಸಿಗೆಯಲ್ಲಿದ್ದಾಳೆ, ಅವಳ ಪರವಾಗಿ ವಾದಿಸುವವರಿಲ್ಲ. ತೀರ್ಪು ಹೊರಬೀಳುವ ಹೊತ್ತಿಗೆ ಮನೆಯ ಗಂಡಸರಲ್ಲೊಬ್ಬರು ಔಷಧದಂಗಡಿಗೆ ಹೋಗಿ ಹಾಲುಪುಡಿಯ ಡಬ್ಬಿಯನ್ನೂ ಸೀಸೆಯನ್ನೂ ತಂದಾಗಿರುತ್ತದೆ.

ಎಳೆಗೂಸಿಗೆ ಯಾವ ಹಾಲು ಎಂಬುದು ತಾಯಿಯಾದವಳು ಕುಳಿತು ಯೋಚಿಸಿ ಮಾಡುವ ಆಯ್ಕೆಯೆಂದು ಗ್ರಂಥಗಳು ಭಾವಿಸುತ್ತವೆ. ಬಹುಪಾಲು ಮನೆಗಳಲ್ಲಿ ಅದು ಈ ಮೂರು ದಿನಗಳೊಳಗೆ, ಅವಳನ್ನು ಕೇಳದೆಯೇ, ನಿರ್ಣಯವಾಗಿಬಿಡುತ್ತದೆ. ಹೀಗಿರುವಾಗ ಆ ಮೂರು ದಿನಗಳಲ್ಲಿ ತಾಯಿಯ ದೇಹದಲ್ಲಿ ನಡೆಯುವುದೇನೆಂಬುದನ್ನು ನ್ಯಾಯಾಧೀಶರು ತಿಳಿದಿರುವುದು ಲೇಸು.

ಹಸು ಕರು ಹಾಕಿದ ಮನೆಯಿಂದ ಗಿಣ್ಣು ಬಂದಿತೆಂದರೆ ಎಲ್ಲರಿಗೂ ಸಂಭ್ರಮ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ, ನೆರೆಹೊರೆಗೆಲ್ಲ ಹಂಚಿ ತಿನ್ನುವುದುಂಟು. ಅದೇ ಮನೆಯಲ್ಲಿ ಬಾಣಂತಿಯ ಮೊದಲ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿಯೂ ಬಹುಕಾಲ ನಡೆದು ಬಂದಿತು. ಕೆಲವೆಡೆ ಇನ್ನೂ ಅಳಿದಿಲ್ಲ. ಹಳದಿ ಬಣ್ಣ, ಅಂಟಂಟು, ಪ್ರಮಾಣವೂ ಸ್ವಲ್ಪ. ಇದು ಕೆಟ್ಟ ಹಾಲು, ಕೂಸಿಗೆ ಅರಗದು ಎಂಬ ನಂಬಿಕೆ. ಬದಲಿಗೆ ಜೇನುತುಪ್ಪ, ಸಕ್ಕರೆಯ ನೀರು, ಹರಳೆಣ್ಣೆಯ ತೊಟ್ಟು ಕೂಸಿನ ಬಾಯಿಗೆ ಬೀಳುತ್ತವೆ. ಕರುವಿನ ಪಾಲನ್ನು ಮನುಷ್ಯರು ಸವಿದು, ಮನುಷ್ಯರ ಮರಿಯ ಪಾಲನ್ನು ಬಚ್ಚಲಿಗೆ ಸುರಿಯುವ ಈ ವಿಚಿತ್ರವನ್ನು ಯಾರೂ ವಿಚಿತ್ರವೆಂದು ಎಣಿಸಲಿಲ್ಲ!

ಆ ಹಳದಿ ಹಾಲು ತಾಯಿಯ ಗಿಣ್ಣು. ಸಸಾರಜನಕವೂ ಎ ಜೀವಸತ್ವವೂ ಅದರಲ್ಲಿ ಹೇರಳ. ತಾಯಿಯು ತನ್ನ ಆಯುಷ್ಯದಲ್ಲಿ ಗೆದ್ದು ಬಂದ ರೋಗಗಳ ವಿರುದ್ಧ ಅವಳ ದೇಹವು ಗಳಿಸಿಕೊಂಡ ರಕ್ಷಕ ದ್ರವ್ಯಗಳು ಆ ಹಾಲಿನ ಮೂಲಕ ಕೂಸಿನ ಕರುಳಿನ ಒಳಗೋಡೆಗೆ ಲೇಪವಾಗಿ ನಿಲ್ಲುತ್ತವೆ. ಹುಟ್ಟಿದ ಕೂಸಿನ ಹೊಟ್ಟೆಯಲ್ಲಿರುವ ಕಪ್ಪು ಮಲವನ್ನು ಹೊರದೂಡುವ ಮೃದುವಾದ ವಿರೇಚಕವೂ ಅದೇ. ಹರಳೆಣ್ಣೆಗೆ ಅಲ್ಲಿ ಕೆಲಸವಿಲ್ಲ. ಜೇನುತುಪ್ಪವಂತೂ ವರ್ಷ ತುಂಬದ ಶಿಶುವಿಗೆ ಅಪಾಯಕರ. ಅದರಲ್ಲಿ ಅಡಗಿರಬಹುದಾದ ಒಂದು ಬಗೆಯ ರೋಗಾಣುವು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಕುಗ್ಗಿಸುವ ವಿಷವನ್ನು ಹುಟ್ಟಿಸಬಲ್ಲದು.

ಇನ್ನು “ಸಾಲದು” ಎಂಬ ಮಾತು. ಮೊದಲ ದಿನದ ಕೂಸಿಗೆ ಒಂದು ಸಲಕ್ಕೆ ಬೇಕಾದುದು ಒಂದೆರಡು ಚಿಕ್ಕ ಚಮಚದಷ್ಟು ಹಾಲು. ಗಿಣ್ಣು ಒಸರುವುದೂ ಸರಿಸುಮಾರು ಅಷ್ಟೇ. ಮಾಸು ಕಳಚಿದ ಮೇಲೆ ದೇಹದ ರಸಗಳಲ್ಲಿ ಏರುಪೇರಾಗಿ, ಎರಡರಿಂದ ನಾಲ್ಕನೆಯ ದಿನದೊಳಗೆ ಹಾಲು ಧಾರೆಯಾಗಿ ಇಳಿಯುತ್ತದೆ. ಚೊಚ್ಚಲ ಹೆರಿಗೆಯಲ್ಲಿ, ಶಸ್ತ್ರಕ್ರಿಯೆಯ ಹೆರಿಗೆಯಲ್ಲಿ, ಒಂದೆರಡು ದಿನ ತಡವಾಗುವುದೂ ಉಂಟು. ಈ ನಡುವೆ ಕೂಸಿನ ತೂಕ ಕೊಂಚ ಇಳಿಯುತ್ತದೆ. ನೂರಕ್ಕೆ ಏಳರವರೆಗೆ ಇಳಿದರೂ ಅದು ಸಾಮಾನ್ಯವೆಂದು ವೈದ್ಯರ ಮತ. ನೂರಕ್ಕೆ ಹತ್ತನ್ನು ದಾಟಿದರೆ ಮಾತ್ರ ಕೂಡಲೇ ವೈದ್ಯರು ನೋಡಬೇಕು. ಎರಡು ವಾರ ತುಂಬುವುದರೊಳಗೆ ಇಳಿದ ತೂಕ ಮರಳಿ ಬಂದಿರಬೇಕು. ಮೂರನೆಯ ದಿನದ ನ್ಯಾಯಸ್ಥಾನವು, ಹೀಗೆ, ಮೊಕದ್ದಮೆ ಆರಂಭವಾಗುವ ಮೊದಲೇ ತೀರ್ಪು ಕೊಟ್ಟಂತಾಗುತ್ತದೆ.

ಆ ತೀರ್ಪು ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ ಎಂಬುದೇ ಇಲ್ಲಿ ದುಃಖದ ಸಂಗತಿ. ಮೊಲೆಯು ತುಂಬಿಟ್ಟ ಕೊಡವಲ್ಲ; ಸೇದಿದಷ್ಟೂ ಊರುವ ಬಾವಿ. ಕೂಸು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಗ್ರಂಥಿಯೊಂದು ಪ್ರೊಲ್ಯಾಕ್ಟಿನ್ ಎಂಬ ರಸವನ್ನು ಬಿಡುತ್ತದೆ. ಅದರಿಂದ ಹಾಲು ಉತ್ಪತ್ತಿ. ಆಕ್ಸಿಟೋಸಿನ್ ಎಂಬ ಇನ್ನೊಂದು ರಸ ಆ ಹಾಲನ್ನು ಮುಂದೂಡುತ್ತದೆ. ಹಾಲು ಖಾಲಿಯಾದಷ್ಟೂ ಹೊಸದು ಬೇಗ ತುಂಬುತ್ತದೆ. ನಿಂತು ಉಳಿದಷ್ಟೂ ಉತ್ಪತ್ತಿ ಕುಗ್ಗುತ್ತದೆ. ಸೀಸೆಯಿಂದ ಹೊಟ್ಟೆ ತುಂಬಿದ ಕೂಸು ಮೊಲೆಯನ್ನು ಚೀಪದೆ ನಿದ್ರಿಸುತ್ತದೆ. ಒಂದು ಹೊತ್ತು ಚೀಪದಿದ್ದರೆ ಆ ಹೊತ್ತಿನ ಬೇಡಿಕೆ ದೇಹಕ್ಕೆ ತಲುಪುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಹಾಲು ನಿಜವಾಗಿಯೂ ಕಡಿಮೆಯಾಗಿರುತ್ತದೆ. “ನಾವು ಆಗಲೇ ಹೇಳಲಿಲ್ಲವೆ?” ಎಂದು ಚಿಕ್ಕಮ್ಮ ಹೇಳುವುದಕ್ಕೆ ಅಡ್ಡಿಯೇನು? ಹಾಲು ಇಳಿಯುವುದಕ್ಕೆ ಮನಸ್ಸಿನ ನೆಮ್ಮದಿಯೂ ಬೇಕು. ಹಾಸಿಗೆಯ ಸುತ್ತ ನಿಂತು “ಇಲ್ಲ, ಇಲ್ಲ” ಎನ್ನುವವರ ನಡುವೆ ಅದು ತಡೆಯುವುದೂ ಸಹಜ.

ಅಜ್ಜಿಯರ ಜ್ಞಾನವೆಲ್ಲ ಹುಸಿಯೆಂದು ಇದರ ಅರ್ಥವಲ್ಲ. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ, ಮೆಂತ್ಯದ ಹಿಟ್ಟು, ಬಡಗಣ ಕರ್ನಾಟಕದ ಅಳ್ವಿ ಪಾಯಸ – ಇವುಗಳಲ್ಲಿ ಹಾಲು ಹೆಚ್ಚಿಸುವ ಗುಣ ಎಷ್ಟಿದೆಯೋ, ಬಾಣಂತಿಯನ್ನು ಕೂಡಿಸಿ ಉಣಬಡಿಸುವ ಕೈಯ ಅಕ್ಕರೆಯಲ್ಲಿ ಅದಕ್ಕಿಂತ ಹೆಚ್ಚು ಇದೆ. ಹಾಲು ಸಾಲುತ್ತಿದೆಯೇ ಇಲ್ಲವೇ ಎಂಬುದಕ್ಕೆ ಅಳು ಒಳ್ಳೆಯ ಸಾಕ್ಷಿಯಲ್ಲ. ಕೂಸು ಚಳಿಗೂ ಅಳುತ್ತದೆ, ಸುಮ್ಮನೆ ಎತ್ತಿಕೊಳ್ಳಲೆಂದೂ ಅಳುತ್ತದೆ. ಐದನೆಯ ದಿನ ಕಳೆದ ಮೇಲೆ ದಿನಕ್ಕೆ ಆರು ಬಾರಿಗೆ ಕಡಿಮೆಯಿಲ್ಲದೆ ಮೂತ್ರ ಮಾಡಿ, ತಕ್ಕಡಿಯಲ್ಲಿ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಒದ್ದೆ ಬಟ್ಟೆಯನ್ನು ಎಣಿಸುವ ಅಜ್ಜಿ ಅಳುವನ್ನು ಎಣಿಸುವ ಅಜ್ಜಿಗಿಂತ ಉತ್ತಮ ವೈದ್ಯೆ.

ಈ ತಪ್ಪು ಮನೆಗಳದ್ದು ಮಾತ್ರವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರಕ್ಕೆ 88.6 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯುಂಡ ಮಕ್ಕಳು ನೂರಕ್ಕೆ 41.8 ಮಾತ್ರ. ಸೂಲಗಿತ್ತಿಯ ಕಾಲ ಹೋಗಿ ವೈದ್ಯರ, ದಾದಿಯರ ಕಣ್ಣೆದುರಿಗೇ ಹೆರಿಗೆಯಾದರೂ, ಆ ಮೊದಲ ಗಂಟೆ ಅರ್ಧಕ್ಕಿಂತ ಹೆಚ್ಚು ಕೂಸುಗಳ ಕೈತಪ್ಪಿದೆ. ಆರು ತಿಂಗಳೊಳಗಿನ ಕೂಸುಗಳಲ್ಲಿ ನೀರನ್ನೂ ಮುಟ್ಟದೆ ತಾಯಿಯ ಹಾಲನ್ನಷ್ಟೇ ಉಣ್ಣುತ್ತಿದ್ದವು ನೂರಕ್ಕೆ 63.7.

ಡಬ್ಬಿಯು ಹುಟ್ಟಿದ್ದು ಕೆಡುಕಿನ ಉದ್ದೇಶದಿಂದಲ್ಲ. ತಾಯಿಯನ್ನು ಕಳೆದುಕೊಂಡ ಕೂಸು, ತಾಯಿಯ ಹಾಲಿಗೆ ಎರವಾದ ಕೂಸು ಎಲ್ಲ ಕಾಲದಲ್ಲಿಯೂ ಉಂಟು. ಚರಕಸಂಹಿತೆಯು ಅಂಥ ಕೂಸಿಗಾಗಿ ಧಾತ್ರಿಯನ್ನು, ಎಂದರೆ ಹಾಲೂಡುವ ಸಾಕುತಾಯಿಯನ್ನು ಪರೀಕ್ಷಿಸಿ ಆರಿಸುವ ಕ್ರಮವನ್ನು ವಿವರಿಸುತ್ತದೆ. ಯೂರೋಪಿನಲ್ಲಿಯೂ ಇದೇ ರೂಢಿ. ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರ ಈ ಕೆಲಸಕ್ಕೆ ಕೈಯಿಕ್ಕಿತು. ಜರ್ಮನಿಯ ಲೀಬಿಗ್ ಎಂಬ ಖ್ಯಾತ ವಿಜ್ಞಾನಿ 1865ರಲ್ಲಿ ಹಸುವಿನ ಹಾಲು, ಗೋಧಿಹಿಟ್ಟು, ಮೊಳಕೆ ಕಟ್ಟಿದ ಧಾನ್ಯದ ಹಿಟ್ಟು ಬೆರೆಸಿ ಶಿಶು ಆಹಾರವನ್ನು ಸಿದ್ಧಪಡಿಸಿದ. ಎರಡು ವರ್ಷಗಳ ಅನಂತರ ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದಲ್ಲಿ ಆನ್ರಿ ನೆಸ್ಲೆಯ ಹಾಲುಹಿಟ್ಟು ಹುಟ್ಟಿತು.

ಭಾರತದ ಡಬ್ಬಿಯ ಕಥೆಯಲ್ಲಿ ಮೈಸೂರಿಗೂ ಒಂದು ಪಾಲಿದೆ. ಎಮ್ಮೆಯ ಹಾಲು ಪುಡಿಯಾಗದೆಂದು ಪರದೇಶದ ತಜ್ಞರು ಹೇಳುತ್ತಿದ್ದ ಕಾಲದಲ್ಲಿ ಗುಜರಾತಿನ ಆಣಂದದ ಸಹಕಾರಿ ಹೈನುಶಾಲೆಯಲ್ಲಿ ಎಚ್. ಎಂ. ದಲಾಯರು ಅದನ್ನು ಪುಡಿ ಮಾಡಿ ತೋರಿಸಿದರು. ಎಮ್ಮೆಯ ಹಾಲನ್ನು ಎಳೆಗೂಸಿನ ಹೊಟ್ಟೆಗೆ ಒಗ್ಗುವ ಆಹಾರವಾಗಿ ಹದಗೊಳಿಸುವ ವಿಧಾನವನ್ನು ರೂಪಿಸಿದವರು 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು. ಪರದೇಶದ ಡಬ್ಬಿಗೆ ಕಾಯುತ್ತಿದ್ದ ದೇಶಕ್ಕೆ ಅದು ಸಣ್ಣ ಸಾಧನೆಯಲ್ಲ. ಆದರೆ ಅಗತ್ಯಕ್ಕೆಂದು ಬಂದ ಡಬ್ಬಿ ಅಂತಸ್ತಿನ ಗುರುತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಡಬ್ಬಿಯ ಮೇಲಿನ ದುಂಡು ಕೆನ್ನೆಯ ಮಗುವಿನ ಚಿತ್ರ ನೋಡಿ ಮರುಳಾಗದ ಮನೆಯಿರಲಿಲ್ಲ. ಖಾಲಿಯಾದ ಡಬ್ಬಿ ಅಡುಗೆಮನೆಯ ಅಟ್ಟಣೆಯಲ್ಲಿ ಸಾಸಿವೆ ಜೀರಿಗೆಗೆ ನಿಂತು, ಮಗು ದೊಡ್ಡದಾದ ಮೇಲೂ ಮನೆಯ ಅಂತಸ್ತನ್ನು ಸಾರುತ್ತಿತ್ತು.

ಈ ಮರುಳಿನ ಬೆಲೆಯನ್ನು ಮೊದಲು ಗಟ್ಟಿಯಾಗಿ ನುಡಿದವರಲ್ಲಿ ಡಾ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಪ್ರಮುಖರು. 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಅವರು ಮಾಡಿದ ಭಾಷಣದ ಹೆಸರೇ ‘ಹಾಲು ಮತ್ತು ಕೊಲೆ’. ಸಿಹಿ ಬೆರೆಸಿದ ಗಟ್ಟಿ ಹಾಲನ್ನು ಕೂಸುಗಳಿಗೆ ತಕ್ಕ ಆಹಾರವೆಂದು ಅಲ್ಲಿ ಮಾರಲಾಗುತ್ತಿತ್ತು. ಇಂಥ ಪ್ರಚಾರಕ್ಕೆ ಬಲಿಯಾದ ಕೂಸುಗಳ ಸಾವನ್ನು ಕೊಲೆಯೆಂದೇ ಎಣಿಸಬೇಕೆಂಬುದು ಅವರ ವಾದ. ಜಗತ್ತು ಅದನ್ನು ಕಿವಿಗೆ ಹಾಕಿಕೊಳ್ಳಲು ನಾಲ್ಕು ದಶಕಗಳು ಬೇಕಾದವು. 1981ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಭೆ ಹಾಲುಪುಡಿಯ ಮಾರಾಟಕ್ಕೆ ನಿಯಮಾವಳಿಯನ್ನು ಅಂಗೀಕರಿಸಿತು. ಪರವಾಗಿ 118 ರಾಷ್ಟ್ರಗಳು. ವಿರೋಧಿಸಿದುದು ಅಮೆರಿಕ ಒಂದೇ. ಭಾರತ 1992ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು. 2003ರಲ್ಲಿ ಅದನ್ನು ಬಿಗಿಗೊಳಿಸಿತು. ಜಾಹೀರಾತು ಕೂಡದು, ತಾಯಂದಿರಿಗೆ ಬಿಟ್ಟಿ ಮಾದರಿ ಹಂಚಕೂಡದು, ವೈದ್ಯರಿಗೆ ಕಾಣಿಕೆ ಸಲ್ಲದು, ಡಬ್ಬಿಯ ಮೇಲೆ ಮಗುವಿನ ಅಥವಾ ಹೆಂಗಸಿನ ಚಿತ್ರವೂ ಕೂಡದು. ದುಂಡು ಕೆನ್ನೆಯ ಮಗು ಹೀಗೆ ಡಬ್ಬಿಯಿಂದ ಇಳಿದು ಹೋಯಿತು.

ಪುಡಿಯೇ ವಿಷವೇ? ಅಲ್ಲ. ಪುಡಿಯನ್ನು ಹಾಲು ಮಾಡುವ ದಾರಿಯಲ್ಲಿ ಅಪಾಯ ಕುಳಿತಿದೆ. ಪುಡಿ ರೋಗಾಣುರಹಿತವಾದ ವಸ್ತುವಲ್ಲ. ಆದ್ದರಿಂದ ಕುದಿಸಿದ ನೀರು 70 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯುವ ಮೊದಲೇ ಅದರಲ್ಲಿ ಪುಡಿಯನ್ನು ಕಲಸಿ, ಬಳಿಕ ಆರಿಸಿ ಕುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಲಸಿಟ್ಟದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದುದು ಚೆಲ್ಲಬೇಕು. ಹೊತ್ತು ಹೊತ್ತಿಗೆ ಸೀಸೆಯನ್ನೂ ರಬ್ಬರಿನ ತೊಟ್ಟನ್ನೂ ತೊಳೆದು ಕುದಿಸಬೇಕು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಓಣಿಯಲ್ಲಿ, ಎಂಟು ಹೊತ್ತು ಇದನ್ನು ನಡೆಸುವವರು ಯಾರು? ಇನ್ನು ಲೆಕ್ಕ: ಐದು ಕಿಲೋ ತೂಕದ ಕೂಸಿಗೆ ದಿನಕ್ಕೆ ಸುಮಾರು 750 ಮಿಲಿಲೀಟರು ಹಾಲು, ಎಂದರೆ 100 ಗ್ರಾಮಿನಷ್ಟು ಪುಡಿ ಬೇಕು. 400 ಗ್ರಾಮಿನ ಡಬ್ಬಿ ನಾಲ್ಕೇ ದಿನಕ್ಕೆ ಬರಿದು. ಕೂಲಿಯ ಮನೆಯಲ್ಲಿ ಆ ಡಬ್ಬಿಯನ್ನು ಹತ್ತು ದಿನ ಎಳೆಯುವುದು ಹೇಗೆಂದರೆ, ನೀರು ಹೆಚ್ಚು, ಪುಡಿ ಕಡಿಮೆ. ನೋಡಲು ಅದೂ ಬಿಳಿಯೇ. ಕೂಸಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮೇಲೆ ಭೇದಿ ಹಿಡಿದರೆ ಉಳಿಯುವುದು ಕಷ್ಟ.

ಈ ವಿಷಯದಲ್ಲಿ ಹಳೆಯ ಮನೆಗಳ ಒಳಲೆಯನ್ನು ನೆನೆಯದಿರಲಾಗದು. ಒಂದು ಕಡೆ ಮೂತಿ ತೆಗೆದ ಆ ಪುಟ್ಟ ಬೆಳ್ಳಿಯ ಅಥವಾ ಹಿತ್ತಾಳೆಯ ಬಟ್ಟಲಿನಲ್ಲಿ ಸಂದುಗೊಂದುಗಳಿಲ್ಲ, ತೊಳೆಯುವುದು ಸುಲಭ. ರಬ್ಬರಿನ ತೊಟ್ಟಿಗೆ ಒಗ್ಗಿ ಮೊಲೆಯನ್ನು ಒಲ್ಲೆನೆನ್ನುವ ಭಯವೂ ಕಡಿಮೆ. ತಿಂಗಳು ತುಂಬದೆ ಹುಟ್ಟಿ ಚೀಪಲಾರದ ಕೂಸುಗಳಿಗೆ ಇದೇ ಬಗೆಯ ಬಟ್ಟಲಿನಿಂದ ಹಾಲು ಹಾಕುವುದನ್ನು ದೊಡ್ಡ ಆಸ್ಪತ್ರೆಗಳೂ ಮೆಚ್ಚಿ ಅನುಸರಿಸುತ್ತಿವೆ. ಅಜ್ಜಿಯ ಪೆಟ್ಟಿಗೆಯಲ್ಲಿ ಕಪ್ಪಗಾಗಿ ಬಿದ್ದಿದ್ದರೆ ಹುಣಿಸೆಹಣ್ಣು ಹಾಕಿ ತಿಕ್ಕಿ ಹೊರತೆಗೆಯಬಹುದು.

ಡಬ್ಬಿಯೇ ಪ್ರಾಣವಾಗುವ ಸಂದರ್ಭಗಳನ್ನು ಮರೆಮಾಡುವುದೂ ಅನ್ಯಾಯ. ತಾಯಿ ಇಲ್ಲದ ಕೂಸು, ದತ್ತು ಬಂದ ಕೂಸು, ಅರ್ಬುದ ರೋಗಕ್ಕೆ ಉಗ್ರ ಔಷಧ ಸೇವಿಸುತ್ತಿರುವ ತಾಯಿಯ ಕೂಸು, ಹಾಲಿನ ಸಕ್ಕರೆಯನ್ನು ಪಚನ ಮಾಡಲಾರದೆ ಹುಟ್ಟುವ ಅಪರೂಪದ ಕೂಸು – ಇವುಗಳಿಗೆ ವೈದ್ಯರು ಹೇಳಿದ ಡಬ್ಬಿಯೇ ಗತಿ. ಸಕಲ ಪ್ರಯತ್ನ ಮಾಡಿಯೂ ಹಾಲು ಸಾಲದ ತಾಯಂದಿರು ನಿಜವಾಗಿಯೂ ಇದ್ದಾರೆ. ಸಂಖ್ಯೆ ಸ್ವಲ್ಪ, ಸಂಕಟ ದೊಡ್ಡದು. ಅಂಥವಳೆದುರು ಅಮೃತ, ತಾಯ್ತನ, ಕರ್ತವ್ಯ ಎಂಬ ಮಾತುಗಳನ್ನು ಸುರಿಯುವವರು ಮೂರನೆಯ ದಿನದ ನ್ಯಾಯಾಧೀಶರಿಗಿಂತ ಮೇಲಲ್ಲ. ಅವಳಿಗೆ ಬೇಕಾದುದು ಅಳತೆ ತಪ್ಪದ ಚಮಚ, ಕುದಿದ ನೀರು, ಅಷ್ಟೇ.

ಹಳೆಯ ಧಾತ್ರಿ ಈಚೆಗೆ ಬೇರೊಂದು ರೂಪದಲ್ಲಿ ಮರಳಿ ಬಂದಿದ್ದಾಳೆ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸರು 1989ರಲ್ಲಿ ಏಷ್ಯದ ಮೊದಲ ಎದೆಹಾಲಿನ ನಿಧಿಯನ್ನು ತೆರೆದರು. ಹೆಚ್ಚು ಹಾಲಿರುವ ತಾಯಂದಿರು ಕೊಟ್ಟ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಪರೀಕ್ಷಿಸಿ, ತಣ್ಣಗಿಟ್ಟು, ತಿಂಗಳು ತುಂಬದ ಕೂಸುಗಳಿಗೆ ಉಣಿಸುತ್ತಾರೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಇಂಥದೇ ನಿಧಿ ‘ಅಮೃತಧಾರೆ’ ಎಂಬ ಹೆಸರಿನಿಂದ 2022ರಲ್ಲಿ ಆರಂಭವಾಯಿತು.

ಹಾಲು ಇದ್ದೂ ಊಡಿಸಲಾಗದ ತಾಯಿಯ ಮಾತು ಉಳಿಯಿತು. 1961ರ ಕಾನೂನು ದುಡಿಯುವ ತಾಯಿಗೆ 12 ವಾರಗಳ ಸಂಬಳದ ರಜೆ ಕೊಟ್ಟಿತ್ತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಅದನ್ನು 26 ವಾರಗಳಿಗೆ ಏರಿಸಿತು. ಕೂಸು ಬರಿಯ ಎದೆಹಾಲಿನ ಮೇಲೆ ಬೆಳೆಯಬೇಕಾದ ಆರು ತಿಂಗಳಿಗೆ ಅದು ಸರಿಹೊಂದುತ್ತದೆ. ಐವತ್ತು ಜನರಿಗೆ ಕಡಿಮೆಯಿಲ್ಲದ ಕಡೆ ಶಿಶುಮಂದಿರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಬರಬಹುದು ಎಂಬ ನಿಯಮವೂ ಬಂದಿತು. ಕಚೇರಿಯ ಗುಮಾಸ್ತೆಗೆ ಇದರಿಂದ ಉಪಕಾರವಾಯಿತು. ಹಿಂಡಿಟ್ಟ ಹಾಲು ಮುಚ್ಚಿದ ಶುಚಿಯಾದ ಪಾತ್ರೆಯಲ್ಲಿ ಸುಮಾರು ನಾಲ್ಕು ಗಂಟೆ ಕೆಡದೆ ಉಳಿಯುತ್ತದೆ, ಅಜ್ಜಿ ಅದನ್ನೇ ಒಳಲೆಯಲ್ಲಿ ಕುಡಿಸಬಹುದು ಎಂದು ತಿಳಿದರೆ ಆಕೆಗೆ ಇನ್ನಷ್ಟು ನಿರಾಳ. ಆದರೆ ಮನೆಯಲ್ಲೇ ಬೀಡಿ ಕಟ್ಟುವವಳಿಗೆ, ಇಟ್ಟಿಗೆ ಹೊರುವವಳಿಗೆ, ನಾಟಿ ಕೆಲಸದವಳಿಗೆ ಹಾಜರಿ ಪುಸ್ತಕವೇ ಇಲ್ಲ. ರಜೆಯ ಲೆಕ್ಕ ಬರೆಯುವುದು ಎಲ್ಲಿ? ಹೆರಿಗೆಯಾಗಿ ತಿಂಗಳೆರಡು ತಿಂಗಳಿಗೇ ಅವಳು ಗದ್ದೆಗೆ ಮರಳುತ್ತಾಳೆ. ಬದುವಿನ ಹೊಂಗೆಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿರುತ್ತಾಳೆ. ಅದು ಅತ್ತಾಗ ಕೆಸರಿನ ಕೈ ತೊಳೆದು ಹೋಗಿ ಊಡಿಸಿ ಬರಲು ಮೇಸ್ತ್ರಿಯ ಅಪ್ಪಣೆ ಬೇಕು. ಅಪ್ಪಣೆ ಸಿಕ್ಕ ದಿನ ಕೂಸಿಗೆ ಮೊಲೆಯ ಹಾಲು. ಸಿಗದ ದಿನ, ಜೋಲಿ ತೂಗುವ ಆರು ವರ್ಷದ ಅಕ್ಕನ ಕೈಯಲ್ಲಿ ಸೀಸೆ.