ಆನೆ ದಾಟುವ ಹೆದ್ದಾರಿಯಲ್ಲಿ ನಾಲ್ಕು ದೇಶ

ಸಂಜೆ ಆರಾಯಿತೆಂದರೆ ಹುಣಸೂರಿನಿಂದ ನಾಗರಹೊಳೆ ಮೇಲೆ ಕುಟ್ಟಕ್ಕೆ ಹೋಗುವ ದಾರಿಯ ಗೇಟು ಬೀಳುತ್ತದೆ. ಎಚ್.ಡಿ. ಕೋಟೆಯಿಂದ ಅಂತರಸಂತೆ, ಬಾವಲಿ ಮಾರ್ಗವಾಗಿ ಮಾನಂದವಾಡಿಗೆ ಹೋಗುವ ರಸ್ತೆಗೂ ಅದೇ ಕಟ್ಟಳೆ. ಬೆಳಿಗ್ಗೆ ಆರರವರೆಗೆ ಅಲ್ಲಿ ವಾಹನಕ್ಕೆ ಜಾಗವಿಲ್ಲ. ರಾವಂದೂರು, ಪಿರಿಯಾಪಟ್ಟಣದ ಕಡೆಯವರು ಕೇರಳಕ್ಕೋ ಕೊಡಗಿನ ಆ ಮೂಲೆಗೋ ಹೊರಡುವಾಗ ಗಡಿಯಾರ ನೋಡಿಯೇ ಹೊರಡುತ್ತಾರೆ.

ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಕಾರು ಬಾಡಿಗೆಗೆ ಪಡೆದು ಉದ್ದದ ಪ್ರವಾಸ ಹೊರಡುವವರಿಗೆ ಮೊದಲು ಹೇಳುವ ಮಾತೂ ಇದೇ: ಕತ್ತಲಾಗುವ ಮೊದಲು ತಂಗುವ ಜಾಗ ಸೇರಿಕೊಳ್ಳಿ. ಊರಾಚೆ ರಾತ್ರಿ ಓಡಿಸಿ ಅಪಘಾತವಾದರೆ ವಿಮೆ ಸಿಗದು ಎಂಬ ಷರತ್ತು ಅನೇಕ ಬಾಡಿಗೆ ಕರಾರುಗಳಲ್ಲಿರುತ್ತದೆ. ಒಂದೇ ವ್ಯತ್ಯಾಸ, ಅಲ್ಲಿನ ಬಹಳಷ್ಟು ಹೆದ್ದಾರಿಗಳಲ್ಲಿ ಗೇಟು ಹಾಕುವ ಅರಣ್ಯ ಸಿಬ್ಬಂದಿ ಇರುವುದಿಲ್ಲ. ಆನೆಯ ಚಿತ್ರವಿರುವ ಎಚ್ಚರಿಕೆ ಫಲಕವಷ್ಟೇ ಇರುತ್ತದೆ. ಗೇಟನ್ನು ಚಾಲಕನೇ ಹಾಕಿಕೊಳ್ಳಬೇಕು.

ಗೆಳೆಯರ ಗುಂಪುಗಳು ಹಿಡಿಯುವ ಹೆಸರುವಾಸಿ ದಾರಿಗಳಲ್ಲಿ ಒಂದು ಹೀಗಿದೆ. ಕೇಪ್‌ಟೌನ್‌ನಿಂದ ಉತ್ತರಕ್ಕೆ ಹೊರಟು ಆರೆಂಜ್ ನದಿ ದಾಟಿದರೆ ನಮೀಬಿಯಾ. ಅದರ ರಾಜಧಾನಿ ವಿಂಡ್‌ಹುಕ್‌ಗೆ ಹತ್ತಿರ ಹತ್ತಿರ 1,500 ಕಿ.ಮೀ. ಅಲ್ಲಿಂದ ರುಂಡು ಮೇಲೆ ಪೂರ್ವಕ್ಕೆ ತಿರುಗಿ ಕಪ್ರಿವಿ ಎಂಬ ಉದ್ದನೆಯ ಭೂಪಟ್ಟಿಯನ್ನು ಹಾದರೆ ಬೋಟ್ಸ್ವಾನಾದ ಕಸಾನೆ. ಮುಂದೆ ಜಿಂಬಾಬ್ವೆಯ ವಿಕ್ಟೋರಿಯಾ ಜಲಪಾತ, ಬುಲವಾಯೊ, ಕೊನೆಗೆ ಹರಾರೆ. ಅಡ್ಡದಾರಿ ಹಿಡಿಯದೆ ಹೋದರೂ ಸುಮಾರು 3,800 ಕಿ.ಮೀ. ಎಟೋಶಾದಂಥ ಅಭಯಾರಣ್ಯಗಳಲ್ಲಿ ಸುತ್ತಿದರೆ ಇನ್ನೂ ಹೆಚ್ಚು.

ಈ ನಾಲ್ಕೂ ದೇಶಗಳಲ್ಲಿ ವಾಹನಗಳು ಓಡುವುದು ಎಡಬದಿಯಲ್ಲೇ. ಕೆಎ 45 ನಂಬರಿನ ಗಾಡಿ ಓಡಿಸಿ ಪಳಗಿದ ಕೈಗೆ ಅಷ್ಟರಮಟ್ಟಿಗೆ ನಿರಾಳ. ಡ್ರೈವಿಂಗ್ ಲೈಸೆನ್ಸ್ ಇರುವವರು ಆರ್‌ಟಿಒ ಮೂಲಕ ಒಂದು ವರ್ಷದ ಅವಧಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬಹುದು. ವಾಹನವನ್ನು ಗಡಿ ದಾಟಿಸಲು ಬಾಡಿಗೆ ಸಂಸ್ಥೆಯಿಂದ ಪ್ರತ್ಯೇಕ ಅನುಮತಿ ಪತ್ರ ಬೇಕು. ಒಂದು ದೇಶದಲ್ಲಿ ಗಾಡಿ ಹಿಡಿದು ಇನ್ನೊಂದರಲ್ಲಿ ಬಿಡುವುದಾದರೆ ಹೆಚ್ಚುವರಿ ಹಣ ತೆರಬೇಕು. ಹಾಗಾಗಿ ಅನೇಕರು ವಿಂಡ್‌ಹುಕ್‌ನಲ್ಲೋ ಜೊಹಾನ್ಸ್‌ಬರ್ಗ್‌ನಲ್ಲೋ ಶುರುಮಾಡಿ ಸುತ್ತು ಹಾಕಿ ಅಲ್ಲಿಗೇ ಮರಳುತ್ತಾರೆ.

ನಮೀಬಿಯಾದಲ್ಲಿ ಮೊದಲು ಎದುರಾಗುವುದು ಖಾಲಿತನ. 2023ರ ಜನಗಣತಿಯಲ್ಲಿ ಆ ದೇಶದ ಜನಸಂಖ್ಯೆ 30 ಲಕ್ಷ ಚಿಲ್ಲರೆ. 2011ರಲ್ಲಿ ಮೈಸೂರು ಜಿಲ್ಲೆಯೊಂದರಲ್ಲೇ ಅಷ್ಟು ಜನರಿದ್ದರು. ಆದರೆ ನಮೀಬಿಯಾದ ವಿಸ್ತೀರ್ಣ ಕರ್ನಾಟಕದ ನಾಲ್ಕು ಪಟ್ಟಿಗೂ ಮೇಲು. ಮುಖ್ಯ ಹೆದ್ದಾರಿಗಳಿಗೆ ಡಾಂಬರಿದ್ದರೂ ಉಳಿದ ರಸ್ತೆಗಳಲ್ಲಿ ಬಹುಪಾಲು ಜಲ್ಲಿಮಣ್ಣಿನವು. ನೋಡಲು ನೆಟ್ಟಗೆ, ಅಗಲವಾಗಿ, ಎದುರಿಗೊಂದು ಗಾಡಿಯೂ ಇಲ್ಲದೆ ಬಿದ್ದಿರುವ ಆ ರಸ್ತೆಯೇ ಹೊಸಬರನ್ನು ಕೆಡವುವುದು. ಗಂಟೆಗೆ 80 ಕಿ.ಮೀ. ಮೀರಿ ಓಡಿಸುತ್ತ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಜಾರಿ ಗಾಡಿ ಮಗುಚುತ್ತದೆ. ಟೈರಿನ ಗಾಳಿ ತುಸು ಇಳಿಸಿಕೊಳ್ಳುವುದು, ಎರಡು ಸ್ಟೆಪ್ನಿ ಇಟ್ಟುಕೊಳ್ಳುವುದು, ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸುವುದು ಅಲ್ಲಿ ರೂಢಿ.

ಉತ್ತರಕ್ಕೆ ಹೋಗುತ್ತಿದ್ದಂತೆ ಮುರುರಾನಿ ಎಂಬಲ್ಲಿ ಒಂದು ತಪಾಸಣಾ ಗೇಟು ಸಿಗುತ್ತದೆ. ಇಡೀ ದೇಶವನ್ನು ಅಡ್ಡಲಾಗಿ ಸೀಳುವ ಪಶುರೋಗ ತಡೆ ಬೇಲಿ ಅಲ್ಲಿ ಹೆದ್ದಾರಿಯನ್ನು ಕೂಡುತ್ತದೆ. 1896-97ರಲ್ಲಿ ದನಗಳ ದೊಡ್ಡರೋಗ ಆಫ್ರಿಕಾದ ದಕ್ಷಿಣವನ್ನು ಗುಡಿಸಿ ಹಾಕಿದಾಗ ಅಂದಿನ ಜರ್ಮನ್ ಆಡಳಿತ ಎಳೆದ ಗೆರೆ ಇದರ ಮೂಲ. ಈಗ ಕಾಲುಬಾಯಿ ಜ್ವರದ ಹೆಸರಿನಲ್ಲಿ ಉಳಿದಿದೆ. ಬೇಲಿಯ ದಕ್ಷಿಣದ ದನದ ಮಾಂಸ ಯೂರೋಪಿಗೆ ರಫ್ತಾಗುತ್ತದೆ; ಉತ್ತರದವರ ದನಗಳಿಗೆ ಆ ಮಾರುಕಟ್ಟೆಯಿಲ್ಲ. ಬೋಟ್ಸ್ವಾನಾದಲ್ಲೂ ಇಂಥ ಬೇಲಿಗಳಿವೆ. ಪೆಟ್ಟಿಗೆಯಲ್ಲಿ ಹಸಿ ಮಾಂಸವಿದ್ದರೆ ಅಲ್ಲೇ ಒಪ್ಪಿಸಬೇಕು. ಚಪ್ಪಲಿ, ಬೂಟುಗಳನ್ನು ಔಷಧಿ ನೀರಿನಲ್ಲಿ ಅದ್ದಬೇಕು.

ಮುರುರಾನಿಯ ಗೇಟು ದಾಟಿದ ಕೂಡಲೇ ನೋಟ ಬದಲಾಗುತ್ತದೆ. ಅಲ್ಲಿಯವರೆಗೆ ರಸ್ತೆಯ ಎರಡೂ ಬದಿ ತಂತಿ ಕಟ್ಟಿದ ದೊಡ್ಡ ಖಾಸಗಿ ಫಾರಂಗಳು. ಆಮೇಲೆ ಹುಲ್ಲು ಹೊದಿಸಿದ ಗುಡಿಸಲುಗಳು, ನೀರು ಹೊರುವ ಹೆಂಗಸರು, ರಸ್ತೆಯ ಮೇಲೆ ದನ, ಆಡು. ಪಿರಿಯಾಪಟ್ಟಣದ ಸಂತೆಯ ದಿನ ಗಾಡಿ ಓಡಿಸಿದವರಿಗೆ ಇಲ್ಲಿ ಹೊಸ ಪಾಠವೇನೂ ಬೇಡ.

ಕಪ್ರಿವಿ ಪಟ್ಟಿಯಲ್ಲಿ ದಿವುಂಡುವಿನಿಂದ ಕೊಂಗೋಲಾದವರೆಗೆ ಸುಮಾರು 200 ಕಿ.ಮೀ. ಹೆದ್ದಾರಿ ಬ್ವಾಬ್ವಾಟಾ ರಾಷ್ಟ್ರೀಯ ಉದ್ಯಾನದ ನಡುವೆಯೇ ಹೋಗುತ್ತದೆ. ಆನೆಗಳು ಹಗಲಿನಲ್ಲೂ ದಾಟುತ್ತವೆ. ಈ ಉದ್ಯಾನದ ವಿಶೇಷ ಆನೆಯಷ್ಟೇ ಅಲ್ಲ. ಅದರೊಳಗೆ ಸಾವಿರಾರು ಜನ ಈಗಲೂ ವಾಸವಾಗಿದ್ದಾರೆ. ಅವರಲ್ಲಿ ಹೆಚ್ಚಿನವರು ಖ್ವೆ ಎಂಬ ಸಾನ್ ಬುಡಕಟ್ಟಿನವರು. ಉದ್ಯಾನದ ನಡುಭಾಗವನ್ನು ಜನವಸತಿಗೂ ಬೇಸಾಯಕ್ಕೂ ಬಿಟ್ಟು, ಉಳಿದ ಭಾಗಗಳನ್ನು ಪ್ರಾಣಿಗಳಿಗೆ ಮೀಸಲಿಟ್ಟ ಏರ್ಪಾಡು ಅದು. ನಾಗರಹೊಳೆಯಲ್ಲಿ ಬೇರೆ ದಾರಿ ಹಿಡಿಯಲಾಯಿತು. ಅಲ್ಲಿನ ಜೇನುಕುರುಬರ ಅನೇಕ ಕುಟುಂಬಗಳನ್ನು ಕಾಡಿನಿಂದ ಹೊರತಂದು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಹಾಡಿಗಳಲ್ಲಿ ನೆಲೆ ಕೊಡಲಾಯಿತು. ಕಾಡಿನ ಮೇಲಿನ ಹಕ್ಕಿನ ಕೂಗು ಇನ್ನೂ ನಿಂತಿಲ್ಲ. ಬ್ವಾಬ್ವಾಟಾದಲ್ಲೂ ಎಲ್ಲವೂ ಸುಸೂತ್ರವೆಂದಲ್ಲ. ಬೆಳೆಗೆ ಆನೆ ನುಗ್ಗುತ್ತದೆ, ಉದ್ಯೋಗ ಕಡಿಮೆ. ಆದರೂ ರಾಷ್ಟ್ರೀಯ ಉದ್ಯಾನದಲ್ಲಿ ಜನ ಇರುವುದು ಸಾಧ್ಯ ಎಂಬುದಕ್ಕೆ ಅದು ಕಣ್ಣೆದುರಿನ ಉದಾಹರಣೆ.

ಆನೆಗಳ ವಿಚಾರಕ್ಕೆ ಬಂದರೆ ಅಂಕಿಗಳೇ ದಂಗುಬಡಿಸುತ್ತವೆ. ಕರ್ನಾಟಕ ದೇಶದಲ್ಲೇ ಹೆಚ್ಚು ಆನೆಗಳಿರುವ ರಾಜ್ಯ. 2023ರ ಗಣತಿಯ ಅಂದಾಜು 6,395. ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ಸೇರಿ ಕವಾಂಗೊ-ಜಾಂಬೆಜಿ ಎಂಬ ಗಡಿಯಾಚೆಯ ಸಂರಕ್ಷಣಾ ವಲಯ ಮಾಡಿಕೊಂಡಿವೆ. 2011ರಲ್ಲಿ ಒಪ್ಪಂದವಾದ ಈ ವಲಯ ಸುಮಾರು 5.2 ಲಕ್ಷ ಚದರ ಕಿ.ಮೀ., ಅಂದರೆ ಎರಡೂವರೆ ಕರ್ನಾಟಕಕ್ಕಿಂತ ದೊಡ್ಡದು. 2022ರಲ್ಲಿ ವಿಮಾನದಿಂದ ನಡೆಸಿದ ಸಮೀಕ್ಷೆಯಲ್ಲಿ ಅಲ್ಲಿ ಸುಮಾರು 2,27,900 ಆನೆಗಳಿವೆ ಎಂದು ಅಂದಾಜಾಯಿತು. ಬೋಟ್ಸ್ವಾನಾ ಪಾಲಿಗೇ ಸುಮಾರು 1,32,000.

ಒಣಗಾಲದಲ್ಲಿ ಆ ಆನೆಗಳ ದೊಡ್ಡ ಹಿಂಡುಗಳು ಕಸಾನೆಯ ಬಳಿಯ ಚೋಬೆ ನದಿಗೆ ಇಳಿಯುತ್ತವೆ. ಕಾಡೊಳಗಿನ ಕೆರೆಕುಂಟೆ ಬತ್ತಿದ ಮೇಲೆ ಬೇರೆಲ್ಲಿ ನೀರು? ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ನಡೆಯುವುದೂ ಇದೇ. ಆದರೆ ಚೋಬೆ ತಾನಾಗಿ ಹರಿಯುವ ನದಿ. ಕಬಿನಿಯ ಹಿನ್ನೀರು 1974ರಲ್ಲಿ ಮುಗಿದ ಅಣೆಕಟ್ಟೆಯ ಸೃಷ್ಟಿ. ಅದಕ್ಕೆ ಮೂರು ವರ್ಷ ಮೊದಲು, 1971ರಲ್ಲಿ, ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದಿತ್ತು. ಆನೆಗಳನ್ನು ಹೊಳೆಗೆ ಅಟ್ಟಿ ಹಿಡಿಯುತ್ತಿದ್ದ ಸೀಮೆಯಲ್ಲಿ ಇವತ್ತು ಅದೇ ಆನೆ ನೋಡಲು ಜನ ಸಫಾರಿಗೆ ದುಡ್ಡು ಕೊಡುತ್ತಾರೆ.

ನೋಡುವ ಬಗೆ ಮಾತ್ರ ಬೇರೆ. ನಾಗರಹೊಳೆಯಲ್ಲಿ ಸ್ವಂತ ಕಾರಿನಲ್ಲಿ ಸಫಾರಿಗೆ ಅವಕಾಶವಿಲ್ಲ. ಎಟೋಶಾದಲ್ಲಾಗಲಿ, ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಾಗಲಿ ಶುಲ್ಕ ಕಟ್ಟಿ ನಮ್ಮ ಗಾಡಿಯನ್ನು ನಾವೇ ಒಳಗೆ ಓಡಿಸಬಹುದು. ಕ್ರೂಗರ್ ಒಂದೇ ಮೈಸೂರು ಜಿಲ್ಲೆಯ ಸುಮಾರು ಮೂರು ಪಟ್ಟಿದೆ. ಅಲ್ಲಿ ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣಿನ ರಸ್ತೆಯಲ್ಲಿ 40 ಕಿ.ಮೀ. ಮೀರುವಂತಿಲ್ಲ, ಗುರುತಿಸಿದ ಜಾಗ ಬಿಟ್ಟು ಎಲ್ಲೂ ಕೆಳಗಿಳಿಯುವಂತಿಲ್ಲ, ಗೇಟು ಮುಚ್ಚುವ ಮೊದಲು ಹೊರಗೋ ತಂಗುದಾಣಕ್ಕೋ ಬರದಿದ್ದರೆ ದಂಡ. ರಸ್ತೆಗೆ ಅಡ್ಡವಾಗಿ ಆನೆ ನಿಂತರೆ ಹಾರ್ನ್ ಒತ್ತುವುದು, ಪಕ್ಕದಿಂದ ನುಸುಳುವುದು ಎರಡೂ ಅಪಾಯ. ದೂರದಲ್ಲೇ ನಿಂತು, ಹಿಂದಕ್ಕೆ ಹೋಗಲು ಜಾಗ ಇಟ್ಟುಕೊಂಡು ಕಾಯಬೇಕು. ಆಫ್ರಿಕಾದ ಬಯಲಾನೆಯ ದೊಡ್ಡ ಗಂಡು ಆರು ಟನ್ ತೂಗಬಲ್ಲದು. ಅಲ್ಲಿ ಹೆಣ್ಣಾನೆಗೂ ದಂತವಿರುತ್ತದೆ.

ಬೆಳೆ ಕಾಯುವ ಪಾಡು ಎರಡೂ ಕಡೆ ಒಂದೇ. ನಾಗರಹೊಳೆಯ ಅಂಚಿನಲ್ಲಿ ಕಂದಕ, ಸೋಲಾರ್ ಬೇಲಿ, ರೈಲು ಹಳಿಗಳ ತಡೆಗೋಡೆಗಳಾದವು. ಬೋಟ್ಸ್ವಾನಾ, ಜಾಂಬಿಯಾದ ರೈತರು ಆನೆಯ ಲದ್ದಿಗೆ ಒಣಮೆಣಸಿನಕಾಯಿ ಪುಡಿ ಕಲಸಿ, ಒಣಗಿಸಿ, ರಾತ್ರಿ ಹೊಲದ ಬದುವಿನಲ್ಲಿ ಸುಡುತ್ತಾರೆ. ಆ ಘಾಟಿಗೆ ಆನೆ ಹಿಂದೆಗೆಯುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಉಪಾಯ ಕೈಕೊಡುವುದೂ ಉಂಟು.

ಕಸಾನೆಯ ಪಕ್ಕದ ಕಜುಂಗುಲಾದಲ್ಲಿ ಜಾಂಬೆಜಿ ನದಿಯ ಮೇಲಿನ 923 ಮೀಟರ್ ಸೇತುವೆ ಬಾಗಿಕೊಂಡು ಹೋಗುತ್ತದೆ. ಬೋಟ್ಸ್ವಾನಾ ಮತ್ತು ಜಾಂಬಿಯಾಗಳನ್ನು ಬೆಸೆಯುವ ಅದು ಜಿಂಬಾಬ್ವೆಯ ಗಡಿ ತಾಕಬಾರದೆಂದು ಹಾಗೆ ಬಳುಕಿದೆ. 2021ರ ಮೇ ತಿಂಗಳಲ್ಲಿ ಅದು ತೆರೆಯುವವರೆಗೆ ಲಾರಿಗಳು ತೆಪ್ಪದಂಥ ದೋಣಿಗಾಗಿ ದಿನಗಟ್ಟಲೆ ಸಾಲುಗಟ್ಟುತ್ತಿದ್ದವು. ಅಲ್ಲಿಂದ ಸುಮಾರು 80 ಕಿ.ಮೀ. ದೂರದಲ್ಲಿ ವಿಕ್ಟೋರಿಯಾ ಜಲಪಾತ. ಎತ್ತರದಲ್ಲಿ ಜೋಗವೇ ಮುಂದು: ಜೋಗ 253 ಮೀಟರ್, ಇದು 108. ಆದರೆ ಇದರ ಅಗಲ 1,708 ಮೀಟರ್. ಏಪ್ರಿಲ್ ಹೊತ್ತಿಗೆ ನೀರು ತುಂಬಿ ಬಂದಾಗ ತುಂತುರಿನಲ್ಲಿ ಜಲಪಾತವೇ ಸರಿಯಾಗಿ ಕಾಣದು.

ಹರಾರೆಯ ಕಡೆಗೆ ಹೊರಳಿದ ಮೇಲೆ ರಾವಂದೂರಿನ ಬೇಸಾಯಗಾರನಿಗೆ ಇನ್ನೊಂದು ಪರಿಚಯದ ಲೋಕ ತೆರೆಯುತ್ತದೆ. ಜಿಂಬಾಬ್ವೆ ಆಫ್ರಿಕಾದ ಅತಿ ದೊಡ್ಡ ಹೊಗೆಸೊಪ್ಪಿನ ದೇಶ. ಪಿರಿಯಾಪಟ್ಟಣ, ಹುಣಸೂರಿನ ಬ್ಯಾರನ್‌ಗಳಲ್ಲಿ ಬೇಯಿಸುವ ವರ್ಜೀನಿಯಾ ಸೊಪ್ಪೇ ಅಲ್ಲಿನದೂ. 2000ದ ಭೂಸುಧಾರಣೆಯಲ್ಲಿ ಬಿಳಿಯರ ದೊಡ್ಡ ಫಾರಂಗಳು ಒಡೆದ ಮೇಲೆ ಉತ್ಪಾದನೆ ಕುಸಿದು 2008ರಲ್ಲಿ 5 ಕೋಟಿ ಕೆ.ಜಿ.ಗಿಂತ ಕೆಳಗಿಳಿಯಿತು. ಆಮೇಲೆ ಸಣ್ಣ ಹಿಡುವಳಿದಾರರೇ ಅದನ್ನು ಮೇಲೆತ್ತಿದರು; 2023ರಲ್ಲಿ ಸುಮಾರು 29.6 ಕೋಟಿ ಕೆ.ಜಿ., ಅದು ಅಲ್ಲಿಯವರೆಗಿನ ದಾಖಲೆ. ಮರುವರ್ಷ ಬರ ಬಿದ್ದು 23 ಕೋಟಿಯ ಆಸುಪಾಸಿಗೆ ಇಳಿಯಿತು. ಅಲ್ಲಿ ಬೆಳೆ ತಗ್ಗಿದರೆ ಇಲ್ಲಿನ ಹರಾಜು ಕಟ್ಟೆಯಲ್ಲಿ ಖರೀದಿದಾರರ ಪೈಪೋಟಿ ಏರುತ್ತದೆ, ಹೆಚ್ಚಿದರೆ ದರ ಜಗ್ಗುತ್ತದೆ. ಕಂಪಲಾಪುರದಲ್ಲಿ ಬೇಲ್ ಇಳಿಸುವವನ ಜೇಬಿಗೂ ಹರಾರೆಗೂ ಹೀಗೆ ನಂಟಿದೆ.

ಮಾರುವ ಕ್ರಮದಲ್ಲಿ ಫರಕಿದೆ. ಇಲ್ಲಿ ತಂಬಾಕು ಮಂಡಳಿಯ ಹರಾಜು. ಅಲ್ಲಿ ಸೊಪ್ಪಿನ ಬಹುಪಾಲು ಗುತ್ತಿಗೆ ಬೇಸಾಯದ್ದು: ಗೊಬ್ಬರ, ಬೀಜಕ್ಕೆ ಮುಂಗಡ ಕೊಟ್ಟ ಕಂಪನಿಗೇ ಬೆಳೆ. ಸಾಲ ಕಳೆದು ಕೈಗೆ ಬರುವುದು ಕಡಿಮೆ ಎಂಬ ದೂರು ಅಲ್ಲಿಯ ರೈತರದು. ಸೊಪ್ಪು ಬೇಯಿಸಲು ಸೌದೆ ಉರಿಸಿ ಕಾಡು ಬರಿದಾಗುವ ಚಿಂತೆ ಮಾತ್ರ ಎರಡೂ ಕಡೆಗೆ ಸಮಾನ.

ಊಟಕ್ಕೆ ಕುಳಿತರೆ ಮುದ್ದೆಯೇ. ಜಿಂಬಾಬ್ವೆಯವರು ಸಾಡ್ಜಾ ಎನ್ನುತ್ತಾರೆ. ದಿನನಿತ್ಯದ್ದು ಬಿಳಿ ಮುಸುಕಿನಜೋಳದ ಹಿಟ್ಟಿನದು. ಕೈಯಲ್ಲಿ ಉಂಡೆ ಮಾಡಿ ಸೊಪ್ಪಿನ ಪಲ್ಯದಲ್ಲಿ ಅದ್ದಿ ತಿನ್ನುತ್ತಾರೆ. ಕೆಲವೆಡೆ ಆ ಪಲ್ಯಕ್ಕೆ ಅರೆದ ಕಡಲೆಕಾಯಿ ಬೆರೆಸುವುದರಿಂದ ಮಾಂಸ ತಿನ್ನದವರಿಗೂ ಊಟಕ್ಕೆ ತೊಂದರೆಯಿಲ್ಲ. ರಾಗಿಯಲ್ಲಿ ಮಾಡಿದ ಸಾಡ್ಜಾ ಕೂಡ ಉಂಟು. ರಾಗಿಯ ಮೂಲನೆಲೆ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಮೈಸೂರು ಸೀಮೆಗೆ ಅದು ಸಾವಿರಾರು ವರ್ಷಗಳ ಹಿಂದೆ ಬಂದ ನೆಂಟ.

ಇಷ್ಟು ಉದ್ದದ ದಾರಿಯಲ್ಲಿ ಪ್ರವಾಸ ಗೆಲ್ಲುವುದೂ ಕೆಡುವುದೂ ಜೊತೆಗಾರರಿಂದ. ಇಬ್ಬರಾದರೂ ಗಾಡಿ ಓಡಿಸಬಲ್ಲವರಿರಬೇಕು. ಗಡಿಯ ಕಾಗದಪತ್ರಕ್ಕೆ ಒಬ್ಬರು, ನೀರು-ಡೀಸೆಲ್ ಲೆಕ್ಕಕ್ಕೆ ಒಬ್ಬರು, ಅಡುಗೆಗೆ ಒಬ್ಬರು ಎಂದು ಹೊರಡುವ ಮೊದಲೇ ಹಂಚಿಕೊಂಡ ಗುಂಪು ಜಗಳವಿಲ್ಲದೆ ಮರಳುತ್ತದೆ. ಜಿಂಬಾಬ್ವೆಯ ಪೊಲೀಸರು ರಸ್ತೆ ತಡೆಗಳಲ್ಲಿ ಅಗ್ನಿಶಾಮಕ ಸಿಲಿಂಡರ್, ಕೆಂಪು ತ್ರಿಕೋನ ಫಲಕಗಳನ್ನು ಕೇಳುತ್ತಾರೆ. ಕಪ್ರಿವಿ, ಚೋಬೆ, ಜಲಪಾತದ ಸುತ್ತ ಮಲೇರಿಯಾ ಇದೆ. ಹೊರಡುವ ಕೆಲವು ವಾರ ಮೊದಲೇ ವೈದ್ಯರನ್ನು ಕಂಡು ಮಾತ್ರೆ ಕೇಳಿ. ವೀಸಾ ನಿಯಮಗಳು ದೇಶಕ್ಕೊಂದು, ವರ್ಷಕ್ಕೊಂದು. ಆಯಾ ರಾಯಭಾರ ಕಚೇರಿಯಲ್ಲೇ ವಿಚಾರಿಸುವುದು ಒಳಿತು.

ಕಾಲದ ಆಯ್ಕೆಯಲ್ಲಿ ಹೊಗೆಸೊಪ್ಪಿನ ಸೀಮೆಯವರಿಗೆ ಒಂದು ತೊಡಕಿದೆ. ಆನೆಗಳು ನದಿಗೆ ಇಳಿಯುವ ಜುಲೈನಿಂದ ಅಕ್ಟೋಬರ್‌ವರೆಗಿನ ಒಣಗಾಲದಲ್ಲೇ ಇಲ್ಲಿ ಸೊಪ್ಪು ಮುರಿದು ಬೇಯಿಸುವ ಭರಾಟೆ, ಮನೆ ಬಿಡುವಂತಿಲ್ಲ. ಬೇಲ್‌ಗಳೆಲ್ಲ ಮಾರಿದ ಮೇಲೆ, ಸಸಿಮಡಿಗೆ ನೀರು ಹಾಕುವ ಹೊಣೆಯನ್ನು ಮನೆಯವರಿಗೆ ಒಪ್ಪಿಸಿ ಏಪ್ರಿಲ್‌ನಲ್ಲಿ ಹೊರಡುವುದಾದರೆ ಚೋಬೆಯ ಹಿಂಡುಗಳು ಚದುರಿ ಹೋಗಿರುತ್ತವೆ. ಅದರ ಬದಲು ವಿಕ್ಟೋರಿಯಾ ಜಲಪಾತ ತುಂಬಿರುತ್ತದೆ, ಹರಾರೆಯ ಹೊಗೆಸೊಪ್ಪಿನ ಮಾರಾಟವೂ ನಡೆಯುತ್ತಿರುತ್ತದೆ. ಆನೆಯನ್ನು ಊರ ಪಕ್ಕದಲ್ಲೇ ಕಾಣುವ ಈ ಭಾಗದ ಜನ ಏಪ್ರಿಲ್ ಆರಿಸಿಕೊಂಡರೆ ನಷ್ಟವೇನಿಲ್ಲ.